ಮಕ್ಕಳ ಹೃದ್ರೋಗ ವಾರ್ಡಿನಲ್ಲಿ ಮೊದಲ ಕೆಲಸ

ಪ್ರಶ್ನೆ (ತುಮಕೂರು): ಈಗಷ್ಟೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿರುವ ನನಗೆ ಬೆಂಗಳೂರಿನಲ್ಲಿ ಮಕ್ಕಳ ಹೃದ್ರೋಗ ವಿಭಾಗದ ಕೆಲಸ ಸಿಕ್ಕಿದೆ. ಸಾಮಾನ್ಯ ವಾರ್ಡಿನ ಅನುಭವವಿಲ್ಲದೆ ನೇರವಾಗಿ ಸೇರುವುದು ಸರಿಯೇ?

ಉತ್ತರ (ಕೋಲಾರ): ಧೈರ್ಯವಾಗಿ ಸೇರಿ ತಂಗಿ, ಹಿರಿಯ ನರ್ಸ್ ಜೊತೆಗಿದ್ದು ಕಲಿಯುವ ಅವಧಿ ಎಷ್ಟೆಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಡಿಗಾಕ್ಸಿನ್ (ಹೃದಯ ಬಡಿತವನ್ನು ನಿಧಾನಗೊಳಿಸುವ ಔಷಧಿ) ಕೊಡುವ ಮುನ್ನ ಮಗುವಿನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ 1 ನಿಮಿಷ ಬಡಿತ ಎಣಿಸಬೇಕು. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುವ ಅಭ್ಯಾಸವನ್ನು ಬಿಟ್ಟುಬಿಡಿ.

ಉತ್ತರ (ಚಿಕ್ಕಬಳ್ಳಾಪುರ): ಹಾಲು ಕುಡಿಯುವಾಗ ಹಣೆ ಬೆವರಿ, ಎರಡು ಗುಟುಕಿಗೊಮ್ಮೆ ಏದುಸಿರು ಬಿಡುವ ಕೂಸನ್ನು ಎಂದೂ ಕಡೆಗಣಿಸಬೇಡಿ. ಫ್ಯಾಲೋಟ್ ಟೆಟ್ರಾಲಜಿ (ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷಗಳಿರುವ ಕಾಯಿಲೆ) ಇರುವ ಮಗು ಅತ್ತು ನೀಲಿಗಟ್ಟಿದರೆ, ತಕ್ಷಣ ವೈದ್ಯರನ್ನು ಕರೆಸಿ, ಮೊಣಕಾಲುಗಳನ್ನು ಎದೆಗೆ ಮಡಚಿ ಹಿಡಿದು ಸಮಾಧಾನಪಡಿಸುತ್ತಾ ಆಮ್ಲಜನಕ ಕೊಡಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದ ಅಕ್ಕ, ಹಾಗೆ ಹಿಡಿಯುವುದನ್ನು ಗೊಂಬೆಯ ಮೇಲೆ ಇಂದೇ ಅಭ್ಯಾಸ ಮಾಡುತ್ತೇನೆ.