ಪಾರ್ವೊದಿಂದ ಬದುಕುಳಿದ ಬೆಕ್ಕಿಗೆ ಮತ್ತೆ ಭೇದಿ: ಅದೇ ಸೋಂಕು ಮರಳಿ ಬರುತ್ತದೆಯೇ?

ಪ್ರಶ್ನೆ (ಜಯನಗರ)

ನಮ್ಮ ಎರಡು ವರ್ಷದ ಗಂಡು ಬೆಕ್ಕು ಕಳೆದ ಆಷಾಢದಲ್ಲಿ ಪ್ಯಾನ್‌ಲ್ಯೂಕೋಪೀನಿಯಾ, ಅಂದರೆ ಎಲ್ಲರೂ ಬೆಕ್ಕಿನ ಪಾರ್ವೊ ಎನ್ನುವ ರೋಗಕ್ಕೆ ತುತ್ತಾಗಿ, ಐದು ದಿನ ಡ್ರಿಪ್‌ ಹಾಕಿಸಿಕೊಂಡು ಬದುಕುಳಿಯಿತು. ಅದರ ಒಡಹುಟ್ಟಿದ ಹೆಣ್ಣು ಬೆಕ್ಕು ಉಳಿಯಲಿಲ್ಲ. ನಾಲ್ಕು ತಿಂಗಳ ಬಳಿಕ ಈಗ ಮೂರು ದಿನಗಳಿಂದ ಅದಕ್ಕೆ ಮತ್ತೆ ಭೇದಿಯಾಗುತ್ತಿದೆ. ಊಟ ಬಿಟ್ಟಿಲ್ಲ, ಆಟವಾಡುತ್ತದೆ, ಆದರೂ ನಮಗೆ ರಾತ್ರಿ ನಿದ್ದೆಯಿಲ್ಲ. ಒಮ್ಮೆ ಬಂದ ಪಾರ್ವೊ ಮತ್ತೆ ಬರಬಹುದೇ? ಮಳೆಯಲ್ಲಿ ಸಿಕ್ಕ ಎರಡು ತಿಂಗಳ ಮರಿಯೊಂದು ಸದ್ಯ ಪಕ್ಕದ ಮನೆಯಲ್ಲಿದೆ. ಅದನ್ನು ನಾವು ತಂದುಕೊಳ್ಳಬಹುದೇ?

ಉತ್ತರ (ಪಶುವೈದ್ಯೆ, ಮಲ್ಲೇಶ್ವರ)

ಪಾರ್ವೊ ಮರಳಿರುವ ಸಾಧ್ಯತೆ ತೀರಾ ಕಡಿಮೆ. ಆ ವೈರಾಣು ಕರುಳಿನಲ್ಲಷ್ಟೇ ನಿಲ್ಲದೆ ರಕ್ತದ ಮೂಲಕ ಮೂಳೆಯ ಮಜ್ಜೆಯನ್ನೂ ಸೇರಿ, ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನೆಲ್ಲ ನಾಶಮಾಡುತ್ತದೆ. ಬಿಳಿ ರಕ್ತಕಣಗಳು ಕುಸಿಯುವುದು ಅದರಿಂದಲೇ. ಅದು ರಕ್ತದ ದಾರಿ ಹಿಡಿಯುವುದರಿಂದ ರಕ್ತದಲ್ಲಿರುವ ಪ್ರತಿಕಾಯಗಳು ಅದನ್ನು ದಾರಿಯಲ್ಲೇ ತಡೆಯಬಲ್ಲವು, ಮತ್ತು ರೋಗವನ್ನು ಗೆದ್ದ ಬೆಕ್ಕಿನಲ್ಲಿ ಈ ರಕ್ಷಣೆ ಬಹಳ ಕಾಲ, ಪ್ರಾಯಶಃ ಬದುಕಿನುದ್ದಕ್ಕೂ ಉಳಿಯುತ್ತದೆ.

ಭೇದಿಗೆ ಇನ್ನೊಂದು ಕಾರಣವಾಗಬಲ್ಲ ಬೆಕ್ಕಿನ ಕರುಳಿನ ಕೊರೊನಾ ವೈರಾಣುವಿನ ಸ್ವಭಾವ ಬೇರೆ. ಅದು ಹೆಚ್ಚಾಗಿ ಕರುಳಿನ ಒಳಪದರದಲ್ಲೇ ಬೆಳೆಯುತ್ತದೆ, ಅಲ್ಲಿ ಹುಟ್ಟುವ ರಕ್ಷಣೆ ಬಾಳುವುದಿಲ್ಲ; ಹೀಗಾಗಿ ಒಂದೇ ಮಲದ ತಟ್ಟೆಯನ್ನು ಹಂಚಿಕೊಳ್ಳುವ ಬೆಕ್ಕುಗಳು ಪರಸ್ಪರ ಮತ್ತೆ ಮತ್ತೆ ಸೋಂಕು ಅಂಟಿಸಿಕೊಳ್ಳುತ್ತವೆ. ಒಂದು ವೈರಾಣುವನ್ನು ಗೆದ್ದ ಬೆಕ್ಕಿಗೆ ಇನ್ನೊಂದರ ವಿರುದ್ಧ ಅದರಿಂದ ಏನೂ ಲಾಭವಿಲ್ಲ. ಜಂತುಹುಳು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ, ಬದಲಾದ ಆಹಾರ ಕೂಡ ಕಾರಣವಾಗಬಹುದು; ಹೊಸ ಮಲದ ಮಾದರಿಯನ್ನು ಪರೀಕ್ಷೆಗೆ ಕೊಡಿ. ಒಂದು ದಿನ ಪೂರ್ತಿ ಊಟ ಬಿಟ್ಟರೆ, ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಕರೆತನ್ನಿ.

ಉತ್ತರ (ಬೀದಿಮರಿಗಳನ್ನು ಸಾಕುವವರು, ಆರ್.ಟಿ. ನಗರ)

ಅಪಾಯವಿರುವುದು ನಿಮ್ಮ ಬೆಕ್ಕಿಗಲ್ಲ, ಬರಲಿರುವ ಮರಿಗೆ. ಚೇತರಿಸಿಕೊಂಡ ಬೆಕ್ಕಿನ ಮಲದಲ್ಲಿ ವೈರಾಣು ಸುಮಾರು ಆರು ವಾರದವರೆಗೆ ಕಾಣಿಸಿಕೊಳ್ಳಬಹುದು, ಆ ಅವಧಿ ನಿಮಗೆ ಮುಗಿದಿದೆ. ಆದರೆ ಮನೆಯ ನೆಲ, ಚಾಪೆ, ಬಟ್ಟೆಗಳಲ್ಲಿ ಅದು ಒಂದು ವರ್ಷದಷ್ಟು ಕಾಲ ಉಳಿಯಬಲ್ಲದು. ಪಾರ್ವೊ ಬಂದುಹೋದ ಎಂಟು ತಿಂಗಳ ಮೇಲೆ, ಮನೆಯನ್ನೆಲ್ಲ ಫಿನೈಲ್‌ನಿಂದ ಒರೆಸಿದ್ದೇನೆಂಬ ಧೈರ್ಯದಲ್ಲಿ ಲಸಿಕೆಯಾಗದ ಮೂರು ಮರಿಗಳನ್ನು ತಂದು ಮೂರನ್ನೂ ಕಳೆದುಕೊಂಡೆ. ಆ ವಾರವನ್ನು ಇಂದಿಗೂ ಮರೆತಿಲ್ಲ. ಫಿನೈಲ್ ಈ ವೈರಾಣುವನ್ನು ಕೊಲ್ಲುವುದಿಲ್ಲ, ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೇ ವಿಷ. ಸ್ಯಾನಿಟೈಸರ್ ಕೂಡ ನಿರುಪಯೋಗಿ. ಮೊದಲು ಸೋಪು ಹಾಕಿ ಕೊಳೆ ತೊಳೆಯಿರಿ, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಟ್ಟು ತೊಳೆಯಿರಿ. ಹಳೆಯ ಚಾಪೆಯನ್ನು ಎಸೆದುಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಈ ದಿನ ಕ್ಲಿನಿಕ್ಕಿನಲ್ಲಿ ಕೊರೊನಾ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂದಿದ್ದು, ಇದು ಎಫ್‌ಐಪಿ, ಅಂದರೆ ಕೊರೊನಾ ವೈರಾಣುವಿನಿಂದ ಬೆಕ್ಕಿಗೆ ಬರುವ ಗಂಭೀರ ರೋಗ, ಆಗಬಹುದೆಂದು ಹೇಳಿದರು. ಕೈಕಾಲು ಆಡುತ್ತಿಲ್ಲ.

ಉತ್ತರ (ಪಶುವೈದ್ಯೆ, ಮಲ್ಲೇಶ್ವರ)

ಆ ಪರೀಕ್ಷೆ ಹೇಳುವುದು ನಿಮ್ಮ ಬೆಕ್ಕು ಎಂದಾದರೂ ಕೊರೊನಾ ವೈರಾಣುವಿನ ಸಂಪರ್ಕಕ್ಕೆ ಬಂದಿತ್ತು ಎಂಬುದನ್ನು ಮಾತ್ರ. ಸೋಂಕು ತಗುಲಿದ ಬೆಕ್ಕುಗಳಲ್ಲಿ ಬಹುಪಾಲಿಗೆ ಎಫ್‌ಐಪಿ ಬರುವುದೇ ಇಲ್ಲ. ವೈರಾಣು ಆ ಬೆಕ್ಕಿನ ದೇಹದೊಳಗೇ ರೂಪಾಂತರಗೊಂಡಾಗ ಮಾತ್ರ ಬರುತ್ತದೆ. ಇಳಿಯದ ಜ್ವರ, ತೂಕ ಕಡಿಮೆಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಇಂಥ ಲಕ್ಷಣಗಳಿಲ್ಲದ, ಆಟವಾಡುವ ಬೆಕ್ಕಿಗೆ ಈ ವರದಿಯ ಮೇಲೆ ಆ ಹೆಸರು ಹಚ್ಚುವುದು ತಪ್ಪು. ಹಿಂದೆ ಮಾರಕವೇ ಆಗಿದ್ದ ಎಫ್‌ಐಪಿಗೆ ಈಗ ರೆಮ್ಡೆಸಿವಿರ್, ಜಿಎಸ್-441524 ಎಂಬ ಔಷಧಗಳೂ ಇವೆ.

ಮರಿಯ ವಿಷಯಕ್ಕೆ ಬಂದರೆ, ತಾಯಿಯಿಂದ ಬಂದ ಪ್ರತಿಕಾಯಗಳು ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯದಿರಬಹುದು, ಅವು ಕರಗಿದ ಮೇಲೆ ಮರಿಗೆ ರಕ್ಷಣೆಯೇ ಇರುವುದಿಲ್ಲ. ಆದ್ದರಿಂದಲೇ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಲಸಿಕೆ ಕೊಡುತ್ತಾ, 16 ವಾರ ತುಂಬಿದ ಮೇಲೂ ಒಂದನ್ನು ಕೊಡುತ್ತೇವೆ. ಆ ಕೊನೆಯ ಲಸಿಕೆಯಾಗಿ ಎರಡು ವಾರ ಕಳೆಯುವವರೆಗೆ ಮರಿ ಪಕ್ಕದ ಮನೆಯಲ್ಲೇ ಇರಲಿ. ಅದನ್ನು ನೋಡಲು ಹೋಗುವಾಗ ನಿಮ್ಮ ಮನೆಯ ಚಪ್ಪಲಿಯನ್ನು ಅವರ ಬಾಗಿಲ ಹೊರಗೇ ಬಿಡಿ.