ಸಣ್ಣ ಪೌಡರಿನ ಲೇಪನ ಬೇಗ ಸವೆದದ್ದೇಕೆ?

ತುಂಗಾತೀರ (ಪ್ರಶ್ನೆ):
ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ತುಂಗೆಯಿಂದ ನೀರೆತ್ತುವ ಪಂಪುಗಳ ಶಾಫ್ಟ್ ಸ್ಲೀವ್‌ಗಳಿಗೆ (ಶಾಫ್ಟ್ ಸವೆಯದಂತೆ ಅದರ ಮೇಲೆ ತೊಡಿಸುವ ಕೊಳವೆ) ಹೊರಗಿನ ಘಟಕವೊಂದರಲ್ಲಿ ಎಚ್‌ವಿಒಎಫ್ ವಿಧಾನದಿಂದ (ಪೌಡರನ್ನು ಆಕ್ಸಿಜನ್–ಇಂಧನದ ಜ್ವಾಲೆಯಲ್ಲಿ ಕಾಯಿಸಿ ಅತಿವೇಗದಲ್ಲಿ ಸಿಂಪಡಿಸುವುದು) ಟಂಗ್‌ಸ್ಟನ್ ಕಾರ್ಬೈಡ್–ಕೋಬಾಲ್ಟ್–ಕ್ರೋಮಿಯಂ ಲೇಪನ ಮಾಡಿಸುತ್ತೇನೆ. ಮೊದಲು 15–45 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣದ ಪೌಡರ್ ಬಳಸುತ್ತಿದ್ದರು. ಗ್ರೈಂಡಿಂಗ್ ಖರ್ಚು ಉಳಿಯಲೆಂದು ಈ ಸಲ 5–25 ಮೈಕ್ರಾನಿನದನ್ನು ಹಾಕಿಸಿದೆ. ಉಗುರಾಡಿಸಿದರೂ ತಡೆಯದಷ್ಟು ನುಣುಪಾಗಿ ಬಂತು. ಆದರೆ ಮಳೆಗಾಲದಲ್ಲಿ ನದಿ ಕೆಂಪಾಗುತ್ತಿದ್ದಂತೆ ಗ್ಲ್ಯಾಂಡ್ ಪ್ಯಾಕಿಂಗ್ (ನೀರು ಸೋರದಂತೆ ಸುತ್ತ ತುಂಬುವ ಹುರಿ) ಉಜ್ಜುವ ಜಾಗದಲ್ಲಿ ಗೀರು ಬಿದ್ದು, ಅಂಚಿನಲ್ಲಿ ಚಕ್ಕೆ ಎದ್ದಿದೆ. ಕಣ ಸಣ್ಣದಾದಷ್ಟೂ ಲೇಪನ ಗಟ್ಟಿ ಎಂದು ಕೇಳಿದ್ದು ತಪ್ಪೇ?

ಕಿಡಿಕುಲುಮೆ:
ತಪ್ಪಲ್ಲ, ಅರ್ಧ ಸರಿ. ದಪ್ಪ ಕಣ ಪೂರ್ತಿ ಮೆತ್ತಗಾಗದೆ ಬಡಿದರೆ ನಡುವೆ ರಂಧ್ರ ಉಳಿಯುತ್ತದೆ. ಸಣ್ಣ ಕಣ ಚೆನ್ನಾಗಿ ಹರಡಿ ಒತ್ತಾಗಿ ಕೂರುತ್ತದೆ. ಆದರೆ 10 ಮೈಕ್ರಾನಿನ ಕಣದ ತೂಕ 40 ಮೈಕ್ರಾನಿನ ಕಣದ 64ರಲ್ಲಿ ಒಂದು ಪಾಲು ಮಾತ್ರ. ದಪ್ಪ ಪೌಡರಿಗೆಂದು ಹೊಂದಿಸಿದ ಜ್ವಾಲೆಯಲ್ಲೇ ಅದನ್ನು ಬಿಟ್ಟರೆ ಅತಿಯಾಗಿ ಕಾಯ್ದು, ಕಾರ್ಬೈಡಿನ ಕಾರ್ಬನ್ ಸುಟ್ಟುಹೋಗಿ, ಡಬ್ಲ್ಯು2ಸಿ ಎಂಬ, ಕಾರ್ಬನ್ ಕಡಿಮೆಯಿರುವ ಪೆಡಸು ರೂಪ ಉಂಟಾಗುತ್ತದೆ. ಕರಗಿದ ಟಂಗ್‌ಸ್ಟನ್ ಮತ್ತು ಕಾರ್ಬನ್ ಸೇರಿ ಬಂಧಕ ಲೋಹವೂ (ಕಾರ್ಬೈಡನ್ನು ಹಿಡಿದಿಡುವ ಕೋಬಾಲ್ಟ್–ಕ್ರೋಮಿಯಂ) ಪೆಡಸಾಗುತ್ತದೆ. ಅಂಥ ಲೇಪನದ ಗಡಸುತನ ಅಳೆದರೆ ಅಂಕಿ ಚೆನ್ನಾಗಿಯೇ ಬರಬಹುದು, ಅದನ್ನು ನಂಬಿ ಮೋಸಹೋಗಬೇಡಿ. ಅಂಚಿನ ಚಕ್ಕೆಗೆ ನನ್ನ ಅನುಮಾನ ಇದರ ಮೇಲೆಯೇ. ಲೇಪನದಲ್ಲಿ ಯಾವ ಯಾವ ರೂಪಗಳಿವೆ ಎಂದು ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಮಲೆನಾಡ ಮೆಕ್ಯಾನಿಕ್:
ಇಲ್ಲಿ ಎರಡು ಅಳತೆಗಳು ಬೆರೆತುಹೋಗಿವೆ. ಪೌಡರ್ ಕಣ ಬೇರೆ, ಆ ಕಣದೊಳಗಿನ ಕಾರ್ಬೈಡ್ ಹರಳು ಬೇರೆ. 15–45 ಮೈಕ್ರಾನಿನ ಪೌಡರಿನಲ್ಲೂ ಒಂದು ಮೈಕ್ರಾನಿಗಿಂತ ಚಿಕ್ಕ ಹರಳು ಇರಬಹುದು. ನದಿಯ ಸಣ್ಣ ಕಣದ ಮರಳು ಹರಳುಗಳ ಸಂದಿನ ಮೆದು ಲೋಹವನ್ನು ಕೆರೆದು ತೆಗೆದರೆ, ಹಿಡಿತ ತಪ್ಪಿದ ಹರಳು ತಾನೇ ಉದುರುತ್ತದೆ. ಹರಳು ಸಣ್ಣದಾಗಿ ಒತ್ತಾಗಿದ್ದರೆ ಮರಳಿಗೆ ಆ ಸಂದು ಸಿಗುವುದಿಲ್ಲ. ಹಾಗಾಗಿ ನಿಮ್ಮ ಕೆಲಸಕ್ಕೆ ಹಳೆಯ ಪೌಡರ್ ಶ್ರೇಣಿಯನ್ನೇ ಉಳಿಸಿಕೊಂಡು ಸಣ್ಣ ಹರಳಿನದನ್ನು ಕೇಳುವುದು ವಾಸಿ. ಅಂದಹಾಗೆ, ನಮ್ಮ ಮಳೆಗಾಲದ ತೇವಕ್ಕೆ ಸಣ್ಣ ಪೌಡರ್ ಅವಲಕ್ಕಿಯಂತೆ ಮುದ್ದೆಗಟ್ಟುತ್ತದೆ. ಫೀಡರಿನಿಂದ ತಡೆತಡೆದು ಬಂದು, ನಾಝಲ್‌ಗೆ ಅಂಟಿ, ಕಡೆಗೆ ಉಂಡೆಯಾಗಿ ಸಿಡಿದು ಲೇಪನದಲ್ಲಿ ಸೇರಿಕೊಳ್ಳುತ್ತದೆ. ಬಳಸುವ ಮುನ್ನ ಓವನ್‌ನಲ್ಲಿ ಒಣಗಿಸಿದ್ದರೇ?

ತುಂಗಾತೀರ:
ಇಬ್ಬರಿಗೂ ಧನ್ಯವಾದ. ವಿಚಾರಿಸಿದೆ: ಪೌಡರ್ ಒಣಗಿಸಿರಲಿಲ್ಲ, ಆಕ್ಸಿಜನ್–ಇಂಧನದ ಅನುಪಾತವನ್ನೂ ಬದಲಿಸಿರಲಿಲ್ಲ. ಬಳಸದೆ ಉಳಿದಿರುವ ಒಂದು ಸ್ಲೀವನ್ನು ಅಡ್ಡಕ್ಕೆ ಕತ್ತರಿಸಿ, ಪಾಲಿಶ್ ಮಾಡಿಸಿ, ಹಳೆಯ ತುಂಡಿನೊಂದಿಗೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತೇನೆ. ಮುಂದಿನ ಸರತಿಗೆ 15–45ನ್ನೇ, ಹರಳಿನ ಅಳತೆ ಬರೆದು ಆರ್ಡರ್ ಮಾಡುವೆ.