ಕಾಲೊನಿ ಎಣಿಸಿದ್ದು ಸರಿ, ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಮೈಕ್ರೋಬಯಾಲಜಿ ವಿದ್ಯಾರ್ಥಿನಿ. ಹತ್ತನೇ ಕ್ಲಾಸಿಗೇ ಗಣಿತಕ್ಕೆ ಕೈಮುಗಿದವಳು. ಲ್ಯಾಬಲ್ಲಿ ಮಜ್ಜಿಗೆಯ ಬ್ಯಾಕ್ಟೀರಿಯಾ ಎಣಿಸಲು ಐದು ಟ್ಯೂಬ್‌ಗಳಲ್ಲಿ ಹತ್ತತ್ತು ಪಟ್ಟು ತೆಳು ಮಾಡುತ್ತಾ ಹೋದೆವು. ಕೊನೆಯ ಟ್ಯೂಬಿನಿಂದ 0.1 ಎಂಎಲ್ ತೆಗೆದು ಪ್ಲೇಟಿಗೆ ಹರಡಿದೆವು. 47 ಕಾಲೊನಿ (ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವಷ್ಟಾದ ಚುಕ್ಕೆ) ಬಂದವು. ಒಂದು ಎಂಎಲ್‌ಗೆ 47 ಲಕ್ಷ ಅಂತ ಬರೆದೆ. ರೆಕಾರ್ಡಿನಲ್ಲಿ ಕೆಂಪು ಗೀಟು ಬಿತ್ತು!

ಉತ್ತರ: ನಿಮ್ಮ ಅರ್ಧ ಲೆಕ್ಕ ಸರಿ ಇದೆ. ಹತ್ತು ಪಟ್ಟು ಐದು ಸಲ ಅಂದರೆ 1 ಲಕ್ಷ ಪಟ್ಟು. ಆದರೆ 47 ಕಾಲೊನಿ ಬಂದಿದ್ದು 0.1 ಎಂಎಲ್‌ನಿಂದ ಅಲ್ವಾ? ಪೂರ್ತಿ ಒಂದು ಎಂಎಲ್ ಹರಡಿದ್ದರೆ 470 ಬರುತ್ತಿತ್ತು. 470 ಗುಣಿಸು 1 ಲಕ್ಷ, ಅಂದರೆ 4 ಕೋಟಿ 70 ಲಕ್ಷ. ಈ ಹತ್ತು ಪಟ್ಟು ಮರೆಯದವರು ನಮ್ಮ ಲ್ಯಾಬಲ್ಲಿ ಯಾರೂ ಇಲ್ಲ, ನಾನೂ ಸೇರಿ. ಅಂದ ಹಾಗೆ, ಪ್ರತಿ ಟ್ಯೂಬಲ್ಲಿ ಸಲೈನ್ (ತೆಳು ಮಾಡಲು ಬಳಸುವ ಉಪ್ಪುನೀರು) ಎಷ್ಟಿತ್ತು?

ಪ್ರಶ್ನೆ: 10 ಎಂಎಲ್. ಅದಕ್ಕೆ 1 ಎಂಎಲ್ ಸೇರಿಸಿದೆವು. ಹತ್ತು ಪಟ್ಟು ಅಂದರೆ ಅದೇ ತಾನೆ?

ಉತ್ತರ: ಅಯ್ಯೋ, ಅಲ್ಲ! ಒಟ್ಟು 11 ಎಂಎಲ್ ಆಯಿತಲ್ಲ, ಹಾಗಾಗಿ ಅದು ಹನ್ನೊಂದು ಪಟ್ಟು. ಹತ್ತು ಪಟ್ಟು ಬೇಕಾದರೆ 9 ಎಂಎಲ್‌ಗೆ 1 ಎಂಎಲ್ ಹಾಕಬೇಕು. ಒಂದು ಟ್ಯೂಬಿನಲ್ಲಿ ಇದು ಸಣ್ಣ ತಪ್ಪು. ಆದರೆ ಐದು ಸಲ ಗುಣಿಸಿ ನೋಡಿ: 11 × 11 × 11 × 11 × 11 = 1,61,051. ಲಕ್ಷ ಎಲ್ಲಿ, ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಎಲ್ಲಿ! ನಿಮ್ಮ ಮಜ್ಜಿಗೆಗೆ ಸರಿಯಾದ ಉತ್ತರ ಸುಮಾರು 7 ಕೋಟಿ 57 ಲಕ್ಷ. ರೆಕಾರ್ಡಿನಲ್ಲಿ 10 ಎಂಎಲ್ ಅಂತ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಬ್ಯಾಕ್ಟೀರಿಯಾ ಬೆಳವಣಿಗೆಯ ಗ್ರಾಫಲ್ಲಿ ಸುಮ್ನೆ ಸಂಖ್ಯೆ ಹಾಕೋದು ಬಿಟ್ಟು ಲಾಗ್ ಯಾಕೆ?

ಉತ್ತರ: ಲಾಗ್ ಅಂದರೆ ಒಂದು ಸಂಖ್ಯೆ ಹತ್ತರ ಎಷ್ಟನೇ ಘಾತ ಅನ್ನುವ ಲೆಕ್ಕ. ಒಂದು ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಅಂದುಕೊಳ್ಳಿ. 8 ಗಂಟೆಯಲ್ಲಿ 24 ಸಲ ದುಪ್ಪಟ್ಟಾಗಿ 1,67,77,216 ಆಗುತ್ತದೆ. ಅದನ್ನು ಹಾಗೇ ಗ್ರಾಫಿಗೆ ಹಾಕಿದರೆ ಮೊದಲ ಆರು ಗಂಟೆ ಗೆರೆ ನೆಲ ಬಿಟ್ಟು ಮೇಲೇಳುವುದೇ ಇಲ್ಲ. ಲಾಗ್ ತೆಗೆದರೆ ಪ್ರತಿ ದುಪ್ಪಟ್ಟಿಗೂ 0.301 ಮೆಟ್ಟಿಲು, ಅಷ್ಟೇ. ಗೆರೆ ನೇರ ಬರುತ್ತದೆ. ಎಲ್ಲಿ ಬಾಗುತ್ತದೋ ಅಲ್ಲಿ ಆಹಾರ ಮುಗಿಯುತ್ತಿದೆಯೋ ಏನೋ ಅಂತ ಹುಡುಕಬಹುದು.